ಪಟ್ಟಾಭಿಷೇಕದ ಮುಂದಿನ ಕಥೆ

ಕಥೆಯನ್ನು ಕೇಳುವವರಿಗೆ ಅದು ಪಟ್ಟಾಭಿಷೇಕದಲ್ಲಿಯೇ ಮುಗಿಯಬೇಕೆಂಬ ಆಶೆ ಸಹಜವಾಗಿ ಇರುತ್ತದೆ. ರಾಮಾಯಣದ ಪುರಾಣವನ್ನು ಹಚ್ಚಿದ ಮನೆಗಳಲ್ಲಿ ಯುದ್ಧಕಾಂಡವು ತೀರಿ ಶ್ರೀರಾಮನಿಗೆ ಪಟ್ಟವಾದ ದಿನ ಮಂಗಳವನ್ನು ಹಾಡಿ, ಕೊಬ್ಬರಿ ಸಕ್ಕರೆಯನ್ನು ಹಂಚಿ, ಗ್ರಂಥವನ್ನು ವಸ್ತ್ರದಲ್ಲಿ ಕಟ್ಟಿಡುವದು ವಾಡಿಕೆ. ಅದರ ಮುಂದೆ ಉತ್ತರಕಾಂಡವೆಂಬುದೊಂದು ಉಂಟೆಂದು ಎಲ್ಲರೂ ಬಲ್ಲರು. ಅದನ್ನು ಬಿಚ್ಚುವವರು ಮಾತ್ರ ಕಡಿಮೆ. ಅಲ್ಲಿರುವದು ತುಂಬಿದ ಬಸುರಿಯಾದ ಸೀತೆಯ ವನವಾಸ; ಅಲ್ಲಿ ಗೆದ್ದ ಅರಸನೇ ತಪ್ಪಿತಸ್ಥನಾಗಿ ನಿಲ್ಲುತ್ತಾನೆ. ಕೇಳುವವರಿಗೆ ಸಂತೋಷವನ್ನು ಕೊಟ್ಟು ಮುಗಿದ ಕಥೆಯನ್ನು ಮತ್ತೆ ಎತ್ತಿಕೊಂಡು, ಆ ಸಂತೋಷವನ್ನೇ ಪಣಕ್ಕಿಡುವದೆಂದರೆ ಸಣ್ಣ ಧೈರ್ಯವಲ್ಲ.

ಇಂದು ಈ ಪ್ರಶ್ನೆಯು ಪುರಾಣದ ಕಟ್ಟೆಯನ್ನು ಬಿಟ್ಟು ಚಿತ್ರಮಂದಿರವನ್ನು ಹೊಕ್ಕಿದೆ. ಒಂದು ಚಲಚ್ಚಿತ್ರವು ಜನರ ಮನ್ನಣೆಯನ್ನು ಪಡೆಯಿತೆಂದರೆ ಅದಕ್ಕೆ ಎರಡನೆಯ ಭಾಗವೂ ಮೂರನೆಯ ಭಾಗವೂ ಹುಟ್ಟುತ್ತವೆ. ಹೀಗೆ ಹುಟ್ಟುವ ಉತ್ತರಭಾಗವು ಮೊದಲು ಗೆದ್ದ ದಾರಿಯಲ್ಲಿಯೇ ನಡೆದು ತನ್ನನ್ನು ಕಾಪಾಡಿಕೊಳ್ಳತಕ್ಕದ್ದೋ, ಇಲ್ಲವೆ ಕಾಣದ ದಾರಿಗೆ ಕಾಲಿಟ್ಟು ಅಪಾಯವನ್ನು ಎದುರಿಸತಕ್ಕದ್ದೋ? ಇದು ರಸಿಕರ ಅಭಿರುಚಿಯ ಪ್ರಶ್ನೆಯೆಂದು ಮೇಲಿಂದ ಮೇಲೆ ತೋರುವದಾದರೂ, ಕೊಟ್ಟ ಮಾತಿಗೂ ಹೇಳಬೇಕಾದ ಸತ್ಯಕ್ಕೂ ಸಂಬಂಧಪಟ್ಟ ನೀತಿಯ ಪ್ರಶ್ನೆಯೇ ಆಗಿರುತ್ತದೆ.

ಮೊದಲು ಒಂದು ತಪ್ಪುತಿಳಿವಳಿಕೆಯನ್ನು ದೂರಮಾಡುವದು ಅವಶ್ಯ. ಹೇಳಿದ್ದನ್ನೇ ಹೇಳುವದೆಲ್ಲವೂ ಅಂಜುಬುರುಕತನವಲ್ಲ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ಅವರ ಬಾಳೆಲ್ಲವೂ ತೊಗಲುಗೊಂಬೆಯ ಆಟದಲ್ಲಿ ಸವೆದದ್ದು. ಪರದೆಯ ಹಿಂದೆ ದೀಪವನ್ನು ಹಚ್ಚಿ ಅದೇ ರಾಮನನ್ನು, ಅದೇ ರಾವಣನನ್ನು, ಅದೇ ಕೌರವ ಪಾಂಡವರನ್ನು ಸಾವಿರ ರಾತ್ರಿ ಆಡಿಸಿದರೂ ನೋಡುವವರು ಬೇಸರಗೊಳ್ಳಲಿಲ್ಲ. ಕಥೆಯ ಕೊನೆಯು ಅವರಿಗೆ ಮೊದಲೇ ಗೊತ್ತು. ಆದರೂ ಸೀತೆಯು ಅಶೋಕವನದಲ್ಲಿ ಕುಳಿತಾಗ ಮುದುಕಿಯರು ಸೆರಗಿನಿಂದ ಕಣ್ಣೊರಸಿಕೊಳ್ಳುವದುಂಟು. ಅಂದಮೇಲೆ ಪುನರುಕ್ತಿಯು ತಾನಾಗಿಯೇ ದೋಷವಾಗಲಾರದು.

ಚಲಚ್ಚಿತ್ರಗಳಲ್ಲಿಯೂ ಇಂಥ ನಿರುಪದ್ರವಿ ಪುನರುಕ್ತಿಯುಂಟು. ಕನ್ನಡದಲ್ಲಿ ಒಬ್ಬನೇ ನಾಯಕನ ಕಥೆಗಳ ಮಾಲೆಯು ಹೊಸದಲ್ಲ. ದೊರೈ-ಭಗವಾನ್ ಎಂಬ ಜೋಡಿ ನಿರ್ದೇಶಕರು 1968ರಲ್ಲಿ 'ಜೇಡರ ಬಲೆ'ಯನ್ನು ತೆರೆಗೆ ತಂದರು. ಅದೇ ವರುಷ 'ಗೋವಾದಲ್ಲಿ ಸಿ.ಐ.ಡಿ. 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999', 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್' ಬಂದವು. ನಾಲ್ಕರಲ್ಲಿಯೂ ರಾಜಕುಮಾರರೇ ಗೂಢಚಾರ. ಎರಕವು ಒಂದೇ, ಊರು ಮತ್ತು ವೈರಿ ಬೇರೆ. ಇವು ಬೇರೇನನ್ನೂ ಮಾತುಕೊಟ್ಟಿರಲಿಲ್ಲ. ಆದುದರಿಂದ ಬೇರೇನನ್ನೂ ಕೊಡದಿದ್ದುದಕ್ಕೆ ಯಾರೂ ಅವನ್ನು ದೂರುವಂತಿಲ್ಲ. 2004ರ 'ಆಪ್ತಮಿತ್ರ'ಕ್ಕೆ ಅದೇ ಪಿ. ವಾಸು ಅವರು 2010ರಲ್ಲಿ 'ಆಪ್ತರಕ್ಷಕ'ನನ್ನು ಜೊತೆಗೂಡಿಸಿದಾಗಲೂ ನಾಗವಲ್ಲಿಯ ಭಯವನ್ನೇ ಮತ್ತೆ ಎಬ್ಬಿಸಿದರು. ವಿಷ್ಣುವರ್ಧನರು 2009ರ ಡಿಸೆಂಬರ ತಿಂಗಳ ಕೊನೆಗೆ ತೀರಿಕೊಂಡಿದ್ದರಿಂದ ಆ ಚಿತ್ರವನ್ನು ನೋಡಹೋದವರು ಕಥೆಗಿಂತ ಹೆಚ್ಚಾಗಿ ಅಗಲಿದ ನಟನನ್ನು ಇನ್ನೊಮ್ಮೆ ಕಾಣಲು ಹೋದರು. ಅಂಥ ಹೊತ್ತಿನಲ್ಲಿ ಪರಿಚಿತವಾದುದನ್ನು ಕೊಡುವದೇ ಔಚಿತ್ಯವಾಗಿತ್ತು.

ಹಾಗಾದರೆ ಅಪಾಯವೆಂಬದು ಯಾವುದು? ಇಲ್ಲಿ ಎರಡು ಬಗೆಯ ಅಪಾಯಗಳನ್ನು ಬೇರೆ ಬೇರೆಯಾಗಿ ಎಣಿಸಬೇಕು. ಒಂದು ಹಣದ ಅಪಾಯ, ಇನ್ನೊಂದು ಅರ್ಥದ ಅಪಾಯ. ಹೆಚ್ಚು ಹಣವನ್ನು ಹೂಡಿ, ಹೆಚ್ಚು ಭಾಷೆಗಳಲ್ಲಿ, ಹೆಚ್ಚು ಮಂದಿಯನ್ನು ಕೂಡಿಸಿ ಚಿತ್ರವನ್ನು ತೆಗೆದರೆ ದೊಡ್ಡ ಸಾಹಸವನ್ನು ಮಾಡಿದರೆಂದು ಜನರು ಹೊಗಳುತ್ತಾರೆ. ಆದರೆ ಹಣದ ಅಪಾಯವು ಬೆಳೆದಷ್ಟೂ ಅರ್ಥದ ಅಪಾಯವು ಕುಗ್ಗುವದೇ ಲೋಕದ ರೂಢಿ. ಹತ್ತು ಮೂಟೆ ಬೀಜವನ್ನು ಸಾಲ ತಂದ ಒಕ್ಕಲಿಗನು ಹೊಸ ಬೆಳೆಯ ಗೊಡವೆಗೆ ಹೋಗದೆ ಹಿಂದಿನ ವರುಷ ಬೆಳೆದುದನ್ನೇ ಬಿತ್ತುತ್ತಾನೆ. ಇದು ಅವನ ತಪ್ಪಲ್ಲ, ಸಾಲದ ಸ್ವಭಾವ. ಆದ್ದರಿಂದ ಒಂದು ಉತ್ತರಭಾಗವು ಎಷ್ಟು ದೊಡ್ಡದೆಂಬದರಿಂದ ಅದರ ಧೈರ್ಯವನ್ನು ಅಳೆಯಲಾಗದು. ನೋಡುವವರು ಮೊದಲ ಭಾಗದಲ್ಲಿ ಯಾವುದನ್ನು ಪ್ರೀತಿಸಿದರೋ ಅದನ್ನೇ ವಿಚಾರಣೆಗೆ ನಿಲ್ಲಿಸಿತೋ ಇಲ್ಲವೋ ಎಂಬದೇ ಅದರ ಅಳತೆ.

ಈ ಅಳತೆಯು ಈ ನಾಡಿಗೆ ಹೊಸದಲ್ಲ. ಗಂಗಾವತಿ ತಾಲೂಕಿನ ಆನೆಗೊಂದಿ, ಪಂಪಾ ಸರೋವರ, ಅಂಜನಾದ್ರಿಗಳ ಸುತ್ತಲಿನ ನೆಲವನ್ನು ಜನರು ಕಿಷ್ಕಿಂಧೆಯೆಂದು ನಂಬಿಕೊಂಡು ಬಂದಿದ್ದಾರೆ. ಅಲ್ಲಿ ನಡೆದ ಕಥೆಯಾದರೂ ಏನು? ವಾಲಿಯು ಬಿದ್ದನು, ಸುಗ್ರೀವನಿಗೆ ಪಟ್ಟವಾಯಿತು. ಸುಲಭವಾಗಿ ಹೇಳುವ ಕವಿಯಾಗಿದ್ದರೆ, ನೊಂದವನು ಅರಸನಾದನೆಂದು ಹೇಳಿ ಅಲ್ಲಿಗೇ ಮುಗಿಸುತ್ತಿದ್ದನು. ಆದರೆ ವಾಲ್ಮೀಕಿಯು ಮಳೆಗಾಲವನ್ನು ಕಳೆಯಿಸಿ, ಪಟ್ಟವೇರಿದ ಸುಗ್ರೀವನು ಭೋಗದಲ್ಲಿ ಮುಳುಗಿ ಕೊಟ್ಟ ಮಾತನ್ನು ಮರೆತದ್ದನ್ನೂ, ಲಕ್ಷ್ಮಣನು ಕೋಪಗೊಂಡು ಬಾಗಿಲಿಗೆ ಬಂದದ್ದನ್ನೂ ಹೇಳುತ್ತಾನೆ. ಗುಹೆಯಲ್ಲಿ ಅಡಗಿದ್ದಾಗ ಕರುಣೆಗೆ ಪಾತ್ರನಾದವನು ಸಿಂಹಾಸನದಲ್ಲಿ ಕುಳಿತಾಗ ಅದೇ ಕರುಣೆಗೆ ತಕ್ಕವನೋ ಎಂದು ಕೇಳುವದೇ ಮುಂದಿನ ಕಥೆಯ ಕೆಲಸ.

ತುಂಗಭದ್ರೆಯ ಆಚೆಯ ದಡದಲ್ಲಿ ಇದಕ್ಕೆ ಇನ್ನೊಂದು ನಿದರ್ಶನವುಂಟು. ಗದುಗಿನ ಕುಮಾರವ್ಯಾಸನು ಭಾರತದ ಹತ್ತು ಪರ್ವಗಳನ್ನು ಹಾಡಿ, ಯುದ್ಧವು ತೀರಿ ಧರ್ಮರಾಯನಿಗೆ ಪಟ್ಟವಾಗುವಲ್ಲಿಗೆ ನಿಲ್ಲಿಸಿದನು. ಉಳಿದ ಪರ್ವಗಳನ್ನು ವಿಜಯನಗರದ ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಪೂರ್ಣಗೊಳಿಸಿದನು. ಜನರ ಬಾಯಲ್ಲಿ ಆಗಲೇ ನಿಂತುಹೋಗಿದ್ದ ಮಹಾಕವಿಯ ಕಾವ್ಯಕ್ಕೆ ಬಾಲವಾಗಿ ಬರುವದೆಂದರೆ ಹೋಲಿಕೆಗೆ ತಲೆಯೊಡ್ಡಿದಂತೆಯೇ. ತಿಮ್ಮಣ್ಣನು ಅದೇ ಭಾಮಿನೀ ಷಟ್ಪದಿಯನ್ನು ಹಿಡಿದನು. ಹೊರಗಿನ ರೂಪದಲ್ಲಿ ಅವನು ಕಾಪಾಡಿಕೊಂಡು ನಡೆದವನೇ. ಆದರೆ ಅವನ ಪಾಲಿಗೆ ಬಂದ ವಸ್ತುವು ಎಂಥದು? ಗೆದ್ದ ಅರಸನ ಪಶ್ಚಾತ್ತಾಪ, ಹಿರಿಯರು ಕಾಡಿಗೆ ಹೋಗುವದು, ಯಾದವರ ಕುಲನಾಶ, ಮಹಾಪ್ರಸ್ಥಾನದಲ್ಲಿ ಒಬ್ಬೊಬ್ಬರಾಗಿ ಕೆಳಗೆ ಬೀಳುವದು. ತಿಮ್ಮಣ್ಣನು ಕುಮಾರವ್ಯಾಸನ ಎತ್ತರಕ್ಕೆ ಏರಲಿಲ್ಲವೆಂಬದು ನಿಜ. ಅವನ ಹೆಸರು ಇಂದು ಪಂಡಿತರ ನಡುವೆಯೇ ಉಳಿದಿದೆ. ಆದರೂ ಗೆಲವಿನ ಬೆಲೆಯನ್ನು ಹೇಳದೆ ಕಥೆಯು ಮುಗಿಯಲಿಲ್ಲವೆಂದು ಒಪ್ಪಿಕೊಂಡು ಆ ಭಾರಕ್ಕೆ ಹೆಗಲು ಕೊಟ್ಟದ್ದು ಅವನ ಹೆಚ್ಚಳ.

ಈಗ ಇತ್ತೀಚಿನ ಚಿತ್ರಗಳನ್ನು ಇದೇ ಒರೆಗಲ್ಲಿಗೆ ಹಚ್ಚಿ ನೋಡಬಹುದು. ಪ್ರಶಾಂತ ನೀಲ್ ಅವರು ನಿರ್ದೇಶಿಸಿದ, ಯಶ್ ಅವರು ನಾಯಕರಾಗಿದ್ದ 'ಕೆ.ಜಿ.ಎಫ್.' ಚಿತ್ರದ ಮೊದಲನೆಯ ಅಧ್ಯಾಯವು 2018ರ ಡಿಸೆಂಬರದಲ್ಲಿ, ಎರಡನೆಯದು 2022ರ ಏಪ್ರಿಲ 14ರಂದು ಬಿಡುಗಡೆಯಾದವು. ಎರಡನೆಯದರ ಗಳಿಕೆಯು ಸಾವಿರ ಕೋಟಿ ರೂಪಾಯಿಗಳನ್ನು ಮೀರಿತೆಂದು ಪತ್ರಿಕೆಗಳು ಬರೆದವು. ಮೊದಲ ಅಧ್ಯಾಯದ ಜೀವಾಳವು ನಾಯಕನ ತೋಳ್ಬಲವಷ್ಟೇ ಆಗಿರಲಿಲ್ಲ. ನರಾಚಿಯೆಂಬ ಕಲ್ಪಿತ ಗಣಿಯಲ್ಲಿ ಸೂರ್ಯನನ್ನು ಕಾಣದೆ ಅಗೆಯುವ ಜೀತದವರ ಗೋಳೇ ಅದಕ್ಕೆ ಉಸಿರು ಕೊಟ್ಟಿತು. ಕುಷ್ಟಗಿಯ ನೆರೆಯ ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಇಂದಿಗೂ ನೆಲದಾಳದಿಂದ ಚಿನ್ನವನ್ನು ತೆಗೆಯುತ್ತಾರೆ. ಕೋಲಾರದ ಗಣಿಯು 2001ರಲ್ಲಿ ಮುಚ್ಚಿತು. ಮಳೆಯು ಕೈಕೊಟ್ಟ ವರುಷಗಳಲ್ಲಿ ಕುಷ್ಟಗಿ ಯಲಬುರ್ಗೆಗಳ ಕಡೆಯಿಂದ ಗಂಟುಮೂಟೆ ಕಟ್ಟಿಕೊಂಡು ಗುಳೆ ಹೋದವರಿಗೆ, ಬೇರೊಬ್ಬರ ಸಂಪತ್ತಿಗಾಗಿ ಬೆನ್ನು ಬಗ್ಗಿಸುವದೆಂದರೇನೆಂಬದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ಆ ತೆರೆಯ ಮೇಲೆ ತಮ್ಮನ್ನೇ ಕಂಡಿದ್ದರೆ ಆಶ್ಚರ್ಯವಿಲ್ಲ. ಗರುಡನು ಸತ್ತಾಗ ಎದ್ದ ಕೇಕೆಯು ಪಟ್ಟಾಭಿಷೇಕದ ಕೇಕೆಯೇ ಸರಿ.

ಎರಡನೆಯ ಅಧ್ಯಾಯದಲ್ಲಿ ಆ ನಾಯಕನು ಅರಸನಾದನು. ದುಡಿಯುವವರಿಗೆ ಮನೆಗಳನ್ನು ಕಟ್ಟಿಸಿದನು. ಅವರು ಅವನನ್ನು ದೇವರಂತೆ ಕಂಡರು. ಆದರೆ ಗಣಿಯ ಅಗೆತವು ನಿಲ್ಲಲಿಲ್ಲ, ಇಮ್ಮಡಿಯಾಯಿತು. ಚಿನ್ನವು ಅವರ ಪಾಲಿಗೆ ಬರಲಿಲ್ಲ, ಅವನ ಬಳಿ ರಾಶಿಯಾಯಿತು. ಒಡೆಯನು ಬದಲಾದನೋ, ಒಡೆತನವೇ ಅಳಿಯಿತೋ? ಈ ಪ್ರಶ್ನೆಯು ಕಥೆಯ ಬಾಗಿಲಿಗೇ ಬಂದು ನಿಂತಿತ್ತು. ಚಿತ್ರವು ಅದನ್ನು ಒಳಗೆ ಕರೆಯಲಿಲ್ಲ. ಅದರ ಬದಲು ಇನ್ನೂ ದೊಡ್ಡ ವೈರಿಯನ್ನು, ಇನ್ನೂ ದೊಡ್ಡ ಬಂದೂಕುಗಳನ್ನು ಕರೆಯಿತು. ಕೊನೆಗೆ ನಾಯಕನು ತಾನು ಕೂಡಿಸಿದ ಚಿನ್ನದೊಡನೆ ಕಡಲಿನಲ್ಲಿ ಮುಳುಗುವನು. ಹಣಕ್ಕಾಗಿ ತೆಗೆದ ಚಿತ್ರದಲ್ಲಿ ನಾಯಕನನ್ನು ಕಳೆಯುವದು ಧೈರ್ಯವೇ ಹೌದು. ಶ್ರೀಮಂತನಾಗಿ ಸಾಯಬೇಕೆಂದು ತಾಯಿಯು ಪಡೆದ ಭಾಷೆಯು ಅಷ್ಟು ಕ್ರೂರವಾಗಿ ನಡೆದುಹೋದದ್ದರಲ್ಲಿ ಒಂದು ಗಂಭೀರವಾದ ಅರ್ಥವೂ ಇದೆ. ಆದರೆ ತೆರೆಯು ಪೂರ್ತಿಯಾಗಿ ಬೀಳುವ ಮೊದಲೇ ಮೂರನೆಯ ಅಧ್ಯಾಯದ ಸುಳಿವನ್ನು ಕೊಟ್ಟು ಆ ಸಾವನ್ನೇ ಅರೆಮನಸ್ಸಿನ ಸಾವನ್ನಾಗಿ ಮಾಡಿದ್ದು ವ್ಯಾಪಾರದ ಜಾಣತನ. ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ತಿರುಗಿ ತೆಗೆದುಕೊಂಡಂತಾಯಿತು. ಉತ್ತರಕಾಂಡದಲ್ಲಿ ಭೂಮಿಯೊಳಗೆ ಹೋದ ಸೀತೆಯು ತಿರುಗಿ ಬರುವಳೆಂದು ಯಾವ ಸುಳಿವೂ ಇಲ್ಲ; ಆ ದುಃಖಕ್ಕೆ ತೂಕವಿರುವದು ಅದಕ್ಕಾಗಿಯೇ.

ರಿಷಬ್ ಶೆಟ್ಟಿಯವರ 'ಕಾಂತಾರ'ವು 2022ರ ಸೆಪ್ಟೆಂಬರದ ಕೊನೆಗೆ ಬಂದಿತು. ಅದರ ಅಂತ್ಯದಲ್ಲಿ ದೈವವು ಊರವರ ಕೈಗಳನ್ನೂ ಅರಣ್ಯಾಧಿಕಾರಿಯ ಕೈಯನ್ನೂ ಒಂದುಗೂಡಿಸಿ ಕಾಡಿನಲ್ಲಿ ಮರೆಯಾಗುತ್ತದೆ. ಅದೂ ಒಂದು ಪಟ್ಟಾಭಿಷೇಕವೇ. ನಾಳೆ ಬೆಳಗಾದ ಮೇಲೆ ಆ ಕೈಗಳು ಹಾಗೆಯೇ ಹಿಡಿದುಕೊಂಡಿರುವವೋ? ನೆಲವು ಯಾರದು, ಕಾಡು ಯಾರದು ಎಂಬ ತಂಟೆಯು ದೈವದ ಒಂದು ಸ್ಪರ್ಶದಿಂದ ತೀರುವದೋ? ಮುಂದಿನ ಚಿತ್ರವು ಈ ದಿಕ್ಕಿಗೆ ನಡೆಯಬಹುದಾಗಿತ್ತು. 2025ರ ಅಕ್ಟೋಬರ 2ರಂದು ಬಂದ 'ಕಾಂತಾರ: ಅಧ್ಯಾಯ 1' ಮುಂದಕ್ಕೆ ಹೋಗದೆ ಹಿಂದಕ್ಕೆ, ಕದಂಬರ ಕಾಲಕ್ಕೆ ಹೋಯಿತು. ಬೇರನ್ನು ಹುಡುಕುವದು ತಪ್ಪಲ್ಲ. ಮರೆತ ಕಾಲವನ್ನು ಕಟ್ಟಿ ನಿಲ್ಲಿಸುವ ಪರಿಶ್ರಮವೂ ಸಾಮಾನ್ಯವಲ್ಲ. ಆದರೂ ಹಳೆಯ ಕಾಲದ ಅರಸರ ಅನ್ಯಾಯವನ್ನು ತೋರಿಸುವದಕ್ಕಿಂತ ಇಂದಿನ ಕೈಕೂಡಿಕೆಯ ಬಿರುಕನ್ನು ತೋರಿಸುವದು ಕಷ್ಟತರವಾದುದೆಂದು ಒಪ್ಪಲೇಬೇಕು.

ಇದಕ್ಕೆ ಪ್ರೇಕ್ಷಕನ ಪಕ್ಷದಿಂದ ಒಂದು ಬಲವಾದ ಆಕ್ಷೇಪವುಂಟು. ದಿನವಿಡೀ ಗದ್ದೆಯಲ್ಲಿ ನೆಟ್ಟು, ಇಲ್ಲವೆ ಕಲ್ಲುಹೊತ್ತು, ಬಂದ ಕೂಲಿಯಲ್ಲಿ ಒಂದು ಪಾಲನ್ನು ಮುರಿದು ಚೀಟಿಯನ್ನು ಕೊಂಡವನಿಗೆ ತನಗೆ ಬೇಕಾದುದನ್ನು ಕೇಳುವ ಹಕ್ಕಿಲ್ಲವೆ? ಬಾಳಿನಲ್ಲಿ ಒಮ್ಮೆಯೂ ಗೆಲ್ಲದವನು ತೆರೆಯ ಮೇಲಾದರೂ ಗೆಲವನ್ನು ಕಾಣಬಾರದೆ? ಪಂಡಿತನು ತನ್ನ ಅಭಿರುಚಿಯ ತೃಪ್ತಿಗಾಗಿ ಬಡವನ ಒಂದು ರಾತ್ರಿಯ ಸಂತೋಷವನ್ನು ಕೆಡಿಸುವದು ನ್ಯಾಯವೆ? ಮೊದಲ ಭಾಗವನ್ನು ಮೆಚ್ಚಿದವನಿಗೆ ಎರಡನೆಯದೆಂಬದು ಒಂದು ಭಾಷೆ ಕೊಟ್ಟಂತೆ. ಭಾಷೆಗೆ ತಪ್ಪುವದು ಧೈರ್ಯವೆನ್ನಿಸದು; ವಂಚನೆಯೆನ್ನಿಸುವದು. ಹೊಸತನದ ಹೆಸರಿನಲ್ಲಿ ಮೊದಲಿನದನ್ನೆಲ್ಲ ಒದ್ದು ಕೆಡಹುವವನು ಧೀರನಲ್ಲ, ಕೃತಘ್ನ.

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಭಾಷೆಯು ಯಾವುದಕ್ಕೆ ಕೊಟ್ಟದ್ದೆಂಬದನ್ನು ವಿಚಾರಿಸಬೇಕು. ಅದೇ ಹೊಡೆದಾಟ, ಅದೇ ನಡಿಗೆ, ಅದೇ ಮಾತಿನ ಮೊನಚು ಇವುಗಳು ಕಥೆಯ ಉಡುಪುಗಳು. ಮೊದಲ ಭಾಗವು ನೋಡುವವನ ಎದೆಯಲ್ಲಿ ಎಬ್ಬಿಸಿದ ಪ್ರಶ್ನೆಯೇ ಕಥೆಯ ದೇಹ. ಜೀತದವನು ಬಿಡುಗಡೆಯಾಗುವನೋ ಎಂಬ ಪ್ರಶ್ನೆಯನ್ನು ಎಬ್ಬಿಸಿದವರು, ಅವನು ಆದನೋ ಇಲ್ಲವೋ ಎಂದು ನೇರವಾಗಿ ಹೇಳುವ ಋಣವನ್ನು ಹೊತ್ತಿದ್ದಾರೆ. ಉಡುಪನ್ನು ಕಾಪಾಡಿ ದೇಹವನ್ನು ಮರೆತರೆ ಭಾಷೆಯು ನಡೆದಂತಾಗಲಿಲ್ಲ. ಬಡವನಿಗೆ ಸಂತೋಷ ಬೇಕೆಂಬದು ನಿಜ. ಅವನಿಗೆ ಸತ್ಯವು ಬೇಡವೆಂದು ಹೇಳುವದಕ್ಕೆ ಯಾರಿಗೂ ಅಧಿಕಾರವಿಲ್ಲ. ಸೀತೆಯ ದುಃಖವನ್ನೂ ಅಭಿಮನ್ಯುವಿನ ಸಾವನ್ನೂ ನೂರಾರು ವರುಷ ತೊಗಲುಗೊಂಬೆಯ ಪರದೆಯ ಮುಂದೆ ಕುಳಿತು ಸಹಿಸಿ ಕಣ್ಣೀರಿಟ್ಟವರು ಈ ಹಳ್ಳಿಗಳ ಬಡವರೇ ಅಲ್ಲವೆ?

ಹಾಗೆಂದು ಕೊನೆಯು ದುಃಖಕರವಾಗಿದ್ದರೆ ಮಾತ್ರ ಧೈರ್ಯವೆಂದೂ ತಿಳಿಯಲಾಗದು. ಭವಭೂತಿಯು ತನ್ನ 'ಉತ್ತರರಾಮಚರಿತ'ದಲ್ಲಿ ಸೀತಾರಾಮರನ್ನು ಒಂದುಗೂಡಿಸಿದನು. ಸುಖಾಂತವು ಸುರಕ್ಷಿತವಾದ ದಾರಿಯೆಂದು ಮೇಲುನೋಟಕ್ಕೆ ಅನ್ನಿಸಬಹುದು. ಆದರೆ ಆ ಕೂಡಿಕೆಯು ಪುಕ್ಕಟೆ ಸಿಕ್ಕಿದ್ದಲ್ಲ. ರಾಮನು ತಾನು ಮಾಡಿದುದನ್ನು ಅಂಕದಿಂದ ಅಂಕಕ್ಕೆ ನೆನೆದು, ಬೆಂದು, ಮೂರ್ಛೆಹೋಗಿ, ಅದರ ಬೆಲೆಯನ್ನು ತೆತ್ತ ಬಳಿಕ ಬಂದದ್ದು. ತೆತ್ತು ಪಡೆದ ಸುಖವು ಕಲೆಗೆ ಭೂಷಣ. ತೆರದೆ ಪಡೆದದ್ದು ಸಾಲ. ಉತ್ತರಭಾಗವು ಸುಖದಲ್ಲಿ ಮುಗಿಯಲಿ, ದುಃಖದಲ್ಲಿ ಮುಗಿಯಲಿ. ಗೆದ್ದವನನ್ನು ಒಮ್ಮೆಯಾದರೂ ಸೋತವನ ಕಣ್ಣಿನಿಂದ ನೋಡಿ ಮುಗಿಯಬೇಕು.

ಇಷ್ಟಾಗಿ ಈ ದೋಷದಲ್ಲಿ ಚಿತ್ರವನ್ನು ತೆಗೆಯುವವರದೇ ಪಾಲು ಎಂದರೆ ಅನ್ಯಾಯವಾದೀತು. ಪಟ್ಟಾಭಿಷೇಕವಾದೊಡನೆ ಗ್ರಂಥವನ್ನು ಕಟ್ಟಿಟ್ಟವರು ಕೇಳುಗರೇ. ಉತ್ತರಕಾಂಡವನ್ನು ಬಿಚ್ಚಿರೆಂದು ಕೇಳುವವರಿಲ್ಲದಿದ್ದರೆ ಪುರಾಣಿಕನಾದರೂ ಏಕೆ ಬಿಚ್ಚುವನು? ಒಡೆಯರು ಬದಲಾದಾಗಲೆಲ್ಲ ಜಯಘೋಷವನ್ನು ಮಾಡಿ ಮನೆಗೆ ಹೋಗುವ ಅಭ್ಯಾಸವು ಚಿತ್ರಮಂದಿರದಲ್ಲಿ ಮಾತ್ರ ಇರುವದಲ್ಲ; ಊರಿನ ಚಾವಡಿಯಲ್ಲಿಯೂ ಉಂಟು. ಪಟ್ಟವೇರಿದ ಸುಗ್ರೀವನ ಬಾಗಿಲಿಗೆ ಹೋಗಿ ಕೊಟ್ಟ ಮಾತೇನಾಯಿತೆಂದು ಕೇಳಲು ಅಂದು ಕಿಷ್ಕಿಂಧೆಯಲ್ಲಿ ಒಬ್ಬ ಲಕ್ಷ್ಮಣನಿದ್ದನು. ಅಂಥ ಪ್ರೇಕ್ಷಕರು ಇರುವ ನಾಡಿನಲ್ಲಿ ಎರಡನೆಯ ಅಧ್ಯಾಯಗಳು ತಾವಾಗಿಯೇ ಧೈರ್ಯವನ್ನು ಕಲಿತುಕೊಳ್ಳುವವು.