ಹುಳದ ನೋವಿನ ಲೆಕ್ಕ

ಖಾರಘರದ ಖಾಡಿಯಂಚಿನಲ್ಲಿ ಇಳಿತದ ಹೊತ್ತಿಗೆ ಕೆಸರಿನ ತುಂಬ ಸಣ್ಣ ಸಣ್ಣ ತೂತುಗಳು ಕಾಣುತ್ತವೆ. ಕೆಲವು ಏಡಿಗಳವು, ಕೆಲವು ಕಡಲಹುಳಗಳವು. ಈ ಹುಳಗಳು ನಮ್ಮೂರಿನ ಎರೆಹುಳುವಿನ ದೂರದ ದಾಯಾದಿಗಳು. ಮಳೆಗಾಲದಲ್ಲಿ ಗಾಳಕ್ಕೆ ಎರೆಹುಳು ಸಿಕ್ಕಿಸುವುದನ್ನು ನಮ್ಮಲ್ಲಿ ಬಹಳ ಜನ ನೋಡಿದ್ದೇವೆ. ಅದು ಹೊರಳಾಡುತ್ತದೆ. ಅದಕ್ಕೆ ನೋವಾಗುತ್ತದೆಯೇ?

ನೀರೀಸ್ ಎಂಬ ಕಡಲಹುಳವನ್ನೇ ನೋಡೋಣ. ತಲೆಯಲ್ಲಿ ಪುಟ್ಟ ಮಿದುಳು. ಅಲ್ಲಿಂದ ಹೊರಟ ನರಗಳು ಗಂಟಲನ್ನು ಬಳಸಿ ಕೆಳಗಿಳಿದು, ಹೊಟ್ಟೆಯ ಬದಿಯಲ್ಲಿ ಹುರಿಯಾಗಿ ಬಾಲದವರೆಗೆ ಸಾಗುತ್ತವೆ. ದೇಹದ ಒಂದೊಂದು ಉಂಗುರಕ್ಕೂ ನರಗಂಟು. ನಮ್ಮ ನರಹುರಿ ಬೆನ್ನಿಗಿದೆ, ಅದರದು ಹೊಟ್ಟೆಗೆ. ಮುಟ್ಟಿದರೆ ದಪ್ಪ ನರತಂತುಗಳಲ್ಲಿ ಸುದ್ದಿ ಓಡಿ, ಹುಳ ತಟ್ಟನೆ ಬಿಲಕ್ಕೆ ಸರಿಯುತ್ತದೆ.

ಆದರೆ ಸರಿಯುವುದೇ ನೋವಲ್ಲ. ಕಾದ ಕಾವಲಿ ತಗುಲಿದರೆ ನಮ್ಮ ಕೈ ಮೊದಲು ಹಿಂದೆ ಬರುತ್ತದೆ, 'ಅಯ್ಯೋ' ಆಮೇಲೆ. ಹುಳಕ್ಕೆ ಆ 'ಅಯ್ಯೋ' ಇದೆಯೇ ಎಂಬುದೇ ಪ್ರಶ್ನೆ.

ನೆಂಟಸ್ತಿಕೆಯಿಂದ ಉತ್ತರ ಸಿಕ್ಕೀತೇ? 2007ರಲ್ಲಿ ಜರ್ಮನಿಯ ಡೆಟ್ಲೆಫ್ ಆರೆಂಟ್ ಅವರ ತಂಡ ಪ್ಲಾಟಿನೆರೀಸ್ ಹುಳದ ನರಹುರಿ ರೂಪುಗೊಳ್ಳುವಾಗ ಜೀನುಗಳು ಬೆನ್ನೆಲುಬಿನ ಪ್ರಾಣಿಗಳಲ್ಲಿರುವಂತೆಯೇ ಸಾಲುಗಟ್ಟುತ್ತವೆ ಎಂದು ತೋರಿಸಿ, ಎರಡಕ್ಕೂ ಒಂದೇ ಮೂಲವಿರಬೇಕು ಎಂದಿತು. 2018ರಲ್ಲಿ ಇನ್ನೊಂದು ತಂಡ ಬೇರೆ ಬೇರೆ ಹುಳಗಳನ್ನು ಪರೀಕ್ಷಿಸಿ, ಈ ಸಾಲು ಎಲ್ಲೆಡೆ ಕಾಣದು, ನರಹುರಿ ಹಲವು ಸಲ ಬೇರೆ ಬೇರೆಯಾಗಿ ಹುಟ್ಟಿರಬೇಕು ಎಂದಿತು. ಕ್ಸೀನೋಟರ್ಬೆಲ್ಲ ಎಂಬ ಕಡಲಹುಳಕ್ಕಂತೂ ಮಿದುಳೇ ಇಲ್ಲ, ಚರ್ಮದಡಿ ನರಗಳ ಬಲೆಯಷ್ಟೇ.

ಈ ವಾದದಲ್ಲಿ ಯಾರು ಗೆದ್ದರೂ ನೈತಿಕ ಪ್ರಶ್ನೆ ತೀರುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆಕ್ಟೋಪಸ್ಸಿನ ಕಣ್ಣು ನಮ್ಮ ಕಣ್ಣಿನಿಂದ ಬೇರೆಯಾಗಿಯೇ ವಿಕಾಸಗೊಂಡಿತು. ಆದರೂ ಅದು ನೋಡುತ್ತದೆ. ನೋವೂ ಬೇರೆ ದಾರಿಯಲ್ಲಿ ಹುಟ್ಟಿರಬಹುದು. ಬಾಯಾರಿದವರಿಗೆ ನೀರು ಕೊಡುವ ಮೊದಲು ಯಾವ ಊರು, ಯಾವ ಭಾಷೆ ಎಂದು ಕೇಳಬಾರದೆಂಬುದು ಊರು ಬಿಟ್ಟು ಬಂದ ನಮಗೆ ಹೇಳಿಕೊಡಬೇಕಾದ ಪಾಠವಲ್ಲ.

ಬ್ರಿಟನ್ನಿನ 2022ರ ಕಾಯ್ದೆ ಬೆನ್ನೆಲುಬಿಲ್ಲದವುಗಳಲ್ಲಿ ಏಡಿ, ಸಿಗಡಿ, ಆಕ್ಟೋಪಸ್ಸುಗಳ ಬಳಗವನ್ನು ಸಂವೇದನೆಯುಳ್ಳ ಜೀವಿಗಳ ಪಟ್ಟಿಗೆ ಸೇರಿಸಿತು, ಹುಳಗಳನ್ನು ಬಿಟ್ಟಿತು. ನಮ್ಮ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ 'ಪ್ರಾಣಿ' ಎಂದರೆ ಮನುಷ್ಯನ ಹೊರತಾದ ಯಾವುದೇ ಜೀವಿ. ಅಲ್ಲಿ ನರಗಳ ಎಣಿಕೆ ಇಲ್ಲ. ಈ ವ್ಯಾಖ್ಯೆ ನನಗೆ ಹಿಡಿಸುತ್ತದೆ.

ಹಾಗೆಂದು ಉಳುಮೆ ನಿಲ್ಲಿಸಿ, ಮೀನು ಬಿಡಿ ಎನ್ನುತ್ತಿಲ್ಲ. ಕೋರ್ಟಿನಲ್ಲಿ ಸಂಶಯದ ಲಾಭ ಆರೋಪಿಗೆ. ನಮಗೆ ಹೆಚ್ಚು ನಷ್ಟವಿಲ್ಲದ ಕಡೆ ಅದು ಹುಳಕ್ಕೂ ಸಿಗಲಿ. ಆಟಕ್ಕೆಂದು ತುಂಡರಿಸದಿರುವುದು, ಕೆಸರನ್ನು ಖಾಲಿ ಜಾಗವೆಂದು ತಿಳಿದು ಡೆಬ್ರಿ ಸುರಿಯದಿರುವುದು: ಇಷ್ಟಕ್ಕೆ ವಿಜ್ಞಾನದ ಕೊನೆಯ ತೀರ್ಪಿಗಾಗಿ ಕಾಯಬೇಕಿಲ್ಲ.