ಕಲಾಸಂಗ್ರಹವೂ ಪರಿಗ್ರಹ ಪರಿಮಾಣವೂ

ಪರಿಗ್ರಹವೆಂದೊಡನೆ ಶ್ರಾವಕನ ಮನಸ್ಸು ಹೊಲ, ಮನೆ, ಚಿನ್ನ, ಬೆಳ್ಳಿಗಳ ಕಡೆಗೆ ಹರಿಯುವುದು ಸಹಜ. ಆದರೆ ಬಾಹ್ಯ ಪರಿಗ್ರಹವನ್ನು ಹತ್ತು ವಿಧವಾಗಿ ಎಣಿಸುವಲ್ಲಿ ಆಚಾರ್ಯರು ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದ, ಯಾನ, ಕುಪ್ಯ, ಭಾಂಡಗಳೊಡನೆ ಶಯನಾಸನವನ್ನೂ ಮರೆಯದೆ ಹೇಳಿದ್ದಾರೆ. ಮಲಗುವ ಮಂಚ, ಕುಳ್ಳಿರುವ ಪೀಠ ಇವೂ ಎಣಿಕೆಗೆ ಬರತಕ್ಕವೇ. ಹಿಂದೆ ಅಟ್ಟ ಸೇರಿದ್ದ ಬೀಟೆಮರದ ಕುರ್ಚಿ ಈಗ ಅನೇಕ ಗೃಹಗಳಲ್ಲಿ ಹಜಾರದ ನಡುವೆ ಬಂದು ನಿಂತಿದೆ. ಹಳೆಯ ಪೀಠೋಪಕರಣ, ಚಿತ್ರಪಟ, ಕೆತ್ತನೆಗಳನ್ನು ಸಂಗ್ರಹಿಸುವ ಅಭಿರುಚಿ ಬೆಳೆದಿದೆ. ಈ ಅಭಿರುಚಿ ವ್ರತದೊಡನೆ ಎಲ್ಲಿಯವರೆಗೆ ಹೊಂದಿ ನಡೆಯುತ್ತದೆ, ಎಲ್ಲಿ ಅದನ್ನು ಕೆಡಿಸುತ್ತದೆ ಎಂಬುದು ವಿಚಾರಯೋಗ್ಯವಾಗಿದೆ.

ಕಲೆಯು ಜಿನಧರ್ಮಕ್ಕೆ ಹೊರತಾದುದಲ್ಲ. ಭಗವಾನ್ ವೃಷಭದೇವನು ಪ್ರಜೆಗಳಿಗೆ ಉಪದೇಶಿಸಿದ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳಲ್ಲಿ ಶಿಲ್ಪವೂ ಒಂದು. ಮೂಡುಬಿದಿರೆಯ ಚೌಟರ ಅರಮನೆಯ ಮರದ ಕಂಬಗಳಲ್ಲಿ ಒಂಬತ್ತು ನಾರಿಯರು ಕೂಡಿ ಆನೆಯಾದ ನವನಾರೀಕುಂಜರವೂ, ಐವರು ಕೂಡಿ ಕುದುರೆಯಾದ ಪಂಚನಾರೀತುರಗವೂ ಇವೆ. ಅವನ್ನು ಕಂಡವನು ಬಡಗಿಯ ಕೈಚಳಕಕ್ಕೆ ತಲೆದೂಗುತ್ತಾನೆ, ಬರಿಗೈಯಲ್ಲಿ ಮನೆಗೆ ಹಿಂದಿರುಗುತ್ತಾನೆ. ಕಂಬವು ಅವನದಾಗಲಿಲ್ಲ, ಆದರೂ ಅವನ ಆನಂದಕ್ಕೆ ಕೊರತೆಯಾಗಲಿಲ್ಲ. ಹಾಗೆಯೇ ಹಳೆಯ ಕುರ್ಚಿಯ ತೋಳು ತಲೆಮಾರುಗಳ ಕೈ ತಾಗಿ ನುಣುಪಾಗಿರುವುದನ್ನೂ, ಮೊಳೆಯಿಲ್ಲದೆ ಮರದ ಬೆಣೆಯಿಂದಲೇ ಸಂದುಗಳು ಬಿಗಿದಿರುವುದನ್ನೂ ಗುರುತಿಸಬಲ್ಲ ಕಣ್ಣು ತಿಳಿವಳಿಕೆಯ ಕಣ್ಣು. ಅದು ದೋಷವಲ್ಲ. ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ಕಂಡುದು ಮೂರ್ಛೆಯಲ್ಲಿ, ಅಂದರೆ ‘ಇದು ನನ್ನದು’ ಎಂಬ ಮಮತೆಯಲ್ಲಿ.

ಇದಕ್ಕೆ ಒಂದು ದೃಷ್ಟಾಂತ. ಒಬ್ಬ ಶ್ರಾವಕನು ಅಣುವ್ರತಗಳನ್ನು ಸ್ವೀಕರಿಸಿದಾಗ ಶಯನಾಸನವು ಹನ್ನೆರಡನ್ನು ಮೀರಬಾರದೆಂದು ಪುಸ್ತಕದಲ್ಲಿ ಬರೆದಿಟ್ಟನು. ಕೆಲವು ವರ್ಷಗಳ ಬಳಿಕ ಅವನಿಗೆ ಹಳೆಯ ಮರಗೆಲಸದಲ್ಲಿ ರುಚಿ ಹುಟ್ಟಿತು. ಬೆತ್ತ ಹೆಣೆದ ನಾಲ್ಕು ತೋಳುಕುರ್ಚಿಗಳೂ ಒಂದು ತೂಗುಮಂಚವೂ ಮನೆಗೆ ಬಂದವು. ಲೆಕ್ಕವು ಹದಿನೇಳಾಯಿತು. ಅವನಾದರೋ, ‘ಇವು ಕುಳಿತುಕೊಳ್ಳಲು ತಂದವಲ್ಲ, ನೋಡಲು ತಂದವು, ಇವು ಕಲೆ, ಆಸನವಲ್ಲ’ ಎಂದು ಸಮಾಧಾನ ಹೇಳಿಕೊಂಡನು.

ದಶಲಕ್ಷಣ ಪರ್ವದ ಒಂಬತ್ತನೆಯ ದಿನ, ಉತ್ತಮ ಆಕಿಂಚನ್ಯದ ದಿನ, ಅವನು ಉಪವಾಸದಲ್ಲಿದ್ದನು. ಸಾಮಾಯಿಕಕ್ಕೆ ಕುಳಿತಿದ್ದಾಗ ಹಜಾರದಲ್ಲಿ ಸದ್ದಾಯಿತು. ಆರು ವರ್ಷದ ಮಗನು ತೋಳುಕುರ್ಚಿಯ ಮೇಲೆ ಹತ್ತಿ ಬಿದ್ದಿದ್ದನು. ಕುರ್ಚಿಯ ಒಂದು ತೋಳು ಮುರಿದಿತ್ತು. ತಂದೆಯು ಎದ್ದು ಬಂದು ಮೊದಲು ನೋಡಿದುದು ಕುರ್ಚಿಯನ್ನು. ಆಮೇಲೆ ಮಗುವಿನ ಕೆನ್ನೆಗೆ ಹೊಡೆದನು.

ಏಕಾಶನದಲ್ಲಿದ್ದ ಅವನ ವೃದ್ಧ ತಾಯಿ ಮಗುವನ್ನು ಎತ್ತಿಕೊಂಡು ಮೊಣಕೈಯ ರಕ್ತವನ್ನು ಒರೆಸಿದಳು. ಮಗನಿಗೆ ಹೇಳಿದುದು ಇಷ್ಟೇ: “ಲೆಕ್ಕಕ್ಕೆ ಸೇರದ ಕುರ್ಚಿ ಅಂತಿದ್ದೆಯಲ್ಲಪ್ಪ. ಲೆಕ್ಕಕ್ಕೆ ಸೇರದ್ದು ಮುರಿದರೆ ಇಷ್ಟು ಕೋಪ ಎಲ್ಲಿಂದ ಬಂತು?”

ಅವನಿಗೆ ಉತ್ತರ ತೋಚಲಿಲ್ಲ. ಅಂದು ಹೊಟ್ಟೆ ಬರಿದಾಗಿತ್ತೇ ಹೊರತು ಮನಸ್ಸು ಬರಿದಾಗಿರಲಿಲ್ಲ. ಕಷಾಯವನ್ನು ಬಿಡದೆ ಆಹಾರವನ್ನು ಮಾತ್ರ ಬಿಟ್ಟರೆ ಅದು ಬರಿಯ ಲಂಘನ. ಕ್ರೋಧ ಲೋಭಗಳು ಹದಿನಾಲ್ಕು ಅಂತರಂಗ ಪರಿಗ್ರಹಗಳಲ್ಲಿಯೇ ಸೇರಿದವು. ಹೊರಗಿನ ಒಂದು ಕುರ್ಚಿ ಒಳಗಿನ ಈ ಎರಡನ್ನು ಸಾಕುತ್ತಿತ್ತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತವನ್ನು ಇಚ್ಛಾಪರಿಮಾಣವೆಂದೂ ಕರೆದಿದ್ದಾರೆ. ಅಳತೆ ಹಾಕಬೇಕಾದುದು ವಸ್ತುವಿಗಿಂತ ಮೊದಲು ಇಚ್ಛೆಗೆ. ಅವರು ಹೇಳುವ ಅತಿಚಾರಗಳಲ್ಲಿ ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭಗಳು ಸಂಗ್ರಾಹಕನಿಗೆ ಕನ್ನಡಿ ಹಿಡಿದಂತಿವೆ. ನಾಲ್ಕು ಕುರ್ಚಿ ದೊರೆತವನಿಗೆ ಅದೇ ಜೋಡಿಯ ಐದನೆಯದು ಬೇಕೆನಿಸುವುದು ಅತಿಸಂಗ್ರಹ. ತಾನು ಬಿಟ್ಟ ವಸ್ತುವಿನಿಂದ ಮತ್ತೊಬ್ಬನಿಗೆ ಲಾಭವಾಯಿತೆಂದು ಕೇಳಿ ನಿದ್ರೆಗೆಡುವುದು ಅತಿವಿಸ್ಮಯ. ಬೆಲೆ ಇನ್ನೂ ಏರಲೆಂದು ಕೈಬಿಡದೆ ಕಾಯುವುದು ಅತಿಲೋಭ.

ಅಚೌರ್ಯಾಣುವ್ರತಕ್ಕೂ ಇಲ್ಲಿ ಅಪಾಯವುಂಟು. ಕದ್ದ ಮಾಲನ್ನು ಕೊಳ್ಳುವುದು ತದಾಹೃತಾದಾನ. ಹಳೆಯ ಬಸದಿಯ ಬಾಗಿಲುವಾಡವಾಗಲಿ ಪಂಚಲೋಹದ ಜಿನಬಿಂಬವಾಗಲಿ ಅಗ್ಗದ ಬೆಲೆಗೆ ಬಂದರೆ, ಅದು ಎಲ್ಲಿಂದ ಬಂದಿತೆಂದು ಕೇಳದೆ ಕೊಳ್ಳುವವನು ಕಳ್ಳನಿಗೆ ದಾರಿ ಮಾಡಿಕೊಟ್ಟಂತೆ. ಹೊಸ ಮರಕ್ಕೆ ಬಣ್ಣ ಕಟ್ಟಿ, ಹುಳು ಕೊರೆದಂತೆ ತೂತು ಕೊರೆದು ಪುರಾತನವೆಂದು ಮಾರುವುದು ಪ್ರತಿರೂಪಕ ವ್ಯವಹಾರ. ರಾಜಶಾಸನವನ್ನು ಮೀರುವುದು ವಿರುದ್ಧರಾಜ್ಯಾತಿಕ್ರಮ. 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯು ನೂರು ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪ, ಚಿತ್ರ, ಕರಕುಶಲ ವಸ್ತುಗಳನ್ನೂ, 75 ವರ್ಷಕ್ಕೆ ಕಡಿಮೆಯಿಲ್ಲದ ಮಹತ್ವದ ಹಸ್ತಪ್ರತಿಗಳನ್ನೂ ಪುರಾವಸ್ತುವೆಂದು ಗಣಿಸಿ, ಖಾಸಗಿಯವರು ಅವನ್ನು ವಿದೇಶಕ್ಕೆ ಕಳುಹಿಸುವುದನ್ನು ನಿಷೇಧಿಸಿದೆ.

ಅಹಿಂಸೆಯ ವಿಚಾರವನ್ನೂ ಮರೆಯಲಾಗದು. ಮೈಸೂರಿನ ಹಳೆಯ ಬೀಟೆಮರದ ಕೆಲಸದಲ್ಲಿ ಬೆಳ್ಳಗೆ ಹೊಳೆಯುವ ಕುಂದಣ ಎಷ್ಟೋ ಕಡೆ ಆನೆಯ ದಂತದ್ದು. ಮರದ ಹೊಳಪಿಗೆ ಬಳಿಯುವ ಅರಗು ಅಸಂಖ್ಯ ಕೀಟಗಳಿಂದ ಬಂದುದು. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಬಿಡತಕ್ಕ ವೃತ್ತಿಗಳನ್ನು ಎಣಿಸುವಾಗ ದಂತವಾಣಿಜ್ಯವನ್ನೂ ಲಾಕ್ಷಾವಾಣಿಜ್ಯವನ್ನೂ ಹೇಳಿದ್ದಾರೆ. ಹಳೆಯ ಮರವನ್ನು ತೇವ ತಾಗದಂತೆ ಇಡದೆ ಗೆದ್ದಲು ಹಿಡಿಸಿ, ಆಮೇಲೆ ವಿಷ ಸಿಂಪಡಿಸುವುದಕ್ಕಿಂತ, ಮೊದಲೇ ಯತ್ನಾಚಾರದಿಂದ ಗಾಳಿ ಬೆಳಕಿನಲ್ಲಿ ಇಡುವುದು ಮೇಲು. ಕಾಪಾಡಲಾರದಷ್ಟನ್ನು ತರದಿರುವುದು ಇನ್ನೂ ಮೇಲು.

ದೃಷ್ಟಾಂತದ ಶ್ರಾವಕನು ಪರ್ವವು ಮುಗಿದ ಮೇಲೆ ವ್ರತದ ಪುಸ್ತಕವನ್ನು ತೆರೆದನು. ಹದಿನೇಳನ್ನೂ ಮರೆಮಾಚದೆ ಬರೆದು, ಗುರುಗಳಲ್ಲಿ ಪ್ರಾಯಶ್ಚಿತ್ತವನ್ನು ಬೇಡಿದನು. ತೂಗುಮಂಚವನ್ನೂ ಎರಡು ತೋಳುಕುರ್ಚಿಗಳನ್ನೂ ಬಸದಿಯ ಯಾತ್ರಿಕರ ಕೋಣೆಗೆ ಕೊಟ್ಟನು. ಉಳಿದೆರಡಕ್ಕೆ ಬದಲಾಗಿ ಬಳಕೆಯಲ್ಲಿದ್ದ ಎರಡನ್ನು ಬಿಟ್ಟು ಲೆಕ್ಕವನ್ನು ಹನ್ನೆರಡಕ್ಕೆ ತಂದನು. ಮುರಿದ ತೋಳಿಗೆ ಬಡಗಿಯಿಂದ ಬೆಣೆ ಹೊಡೆಸಿದನು. ಈಗ ಆ ಕುರ್ಚಿಯಲ್ಲಿ ಮಗನು ಕುಳಿತು ಪಾಠ ಓದುತ್ತಾನೆ. ಬೆಣೆಯ ಗುರುತು ಕಾಣುತ್ತದೆ. ಅದನ್ನು ಮುಚ್ಚಿಸಲು ಅವನು ಹೋಗಲಿಲ್ಲ.

ಶ್ರಾವಕಬಂಧುಗಳು ಬರುವ ಪರ್ವದ ಉಪವಾಸಕ್ಕೆ ಮೊದಲು ಒಮ್ಮೆ ಮನೆಯ ಶಯನಾಸನಗಳನ್ನು ಎಣಿಸಲಿ. ಗೋಡೆಯ ಚಿತ್ರಪಟ, ಕಪಾಟಿನ ಹಿತ್ತಾಳೆಯ ದೀಪ ಇವೂ ಕುಪ್ಯ ಭಾಂಡಗಳ ಲೆಕ್ಕದಲ್ಲಿ ನಿಲ್ಲಲಿ. ಸುಂದರವಾದುದನ್ನು ಕಣ್ತುಂಬ ನೋಡಲಿ, ಮಕ್ಕಳಿಗೂ ತೋರಿಸಲಿ. ನೋಡುವುದಕ್ಕೆ ಪರಿಮಾಣವಿಲ್ಲ, ‘ನನ್ನದು’ ಎನ್ನುವುದಕ್ಕೆ ಇರಲೇಬೇಕು.

ಜೈನಂ ಜಯತು ಶಾಸನಂ.