ಹಳೇ ಗಡಿಯಾರವನ್ನು ಮಾರುವದರ ವಿಷಯ

ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಲ್ಪಟ್ಟವು, ಬೆಂಗಳೂರಿನ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಯೂ ನಿಂತುಹೋಯಿತು. ಆದರೂ ಅದರ ‘ಜನತಾ’ ಕೈಗಡಿಯಾರಗಳು ಇಂದಿಗೂ ಕೈಯಿಂದ ಕೈಗೆ ಮಾರಲ್ಪಡುತ್ತವೆ.

ಬಂಗಾರಪೇಟೆಯಲ್ಲಿ ಒಬ್ಬನು ಅಂಥದೊಂದನ್ನು ಮಾರಬೇಕೆಂದಿದ್ದಾನೆಂದು ಭಾವಿಸಿರಿ. ಅದು ದಿನಕ್ಕೆ ಮೂರು ನಿಮಿಷ ಹಿಂದೆ ಬೀಳುತ್ತದೆ. ಒಳಗಿನ ಎಣ್ಣೆಯು ಒಣಗಿ ಅಂಟಾಗಿರುವದರಿಂದ, ಸೆಕೆಂಡಿಗೆ 5 ಸಾರಿ ಬಡಿಯತಕ್ಕ ಬ್ಯಾಲೆನ್ಸ್ ಚಕ್ರವು ಬಳಲಿದೆ. ಬಿಚ್ಚಿ ತೊಳೆದು ಹೊಸ ಎಣ್ಣೆ ಹಾಕುವದೇ ತಕ್ಕ ಚಿಕಿತ್ಸೆ. ಇದನ್ನು ತಿಳಿದೂ ಅವನು ಹಿಂಬದಿಯ ಮುಚ್ಚಳ ತೆಗೆದು, ವೇಗವನ್ನು ತಿದ್ದುವ ಸಣ್ಣ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸುತ್ತಾನೆ. ಗಡಿಯಾರವು ಸರಿಯಾದ ವೇಳೆಯನ್ನು ತೋರಿಸುತ್ತದೆ. ಅವನು ಒಂದು ಸುಳ್ಳು ಮಾತನ್ನೂ ಆಡಲಿಲ್ಲ. ಹಾಗಾದರೆ ಅವನು ನಿರಪರಾಧಿಯೋ?

ಅಲ್ಲ. ಕೊಳ್ಳುವವನು ಇಂದಿನ ವೇಳೆಗೆ ಮಾತ್ರವಲ್ಲ, ಬರುವ ವರುಷಗಳ ನಡಿಗೆಗೂ ಹಣ ಕೊಡುತ್ತಾನೆ. ಎಣ್ಣೆಯಿಲ್ಲದ ಉಕ್ಕಿನ ಅಚ್ಚುಗಳು ದಿನೇ ದಿನೇ ಸವೆಯುವವು. ಆ ವೆಚ್ಚವು ಮಾರಿಕುಪ್ಪದ ಕೂಲಿಯವನ ಮೇಲೆ ಬೀಳುವದು. “ಅವನು ಕೇಳಲಿಲ್ಲವಲ್ಲಾ” ಎನ್ನುವಿರೋ? ಮುಚ್ಚಳದೊಳಗೆ ನೋಡಲರಿಯದವನು ಏನೆಂದು ಕೇಳಾನು? ಅವನ ಅರಿಯದಿರುವಿಕೆಯೇ ನಮ್ಮ ಬಾಯಿ ತೆರೆಯತಕ್ಕ ಕಾರಣವು.

ಆದಕಾರಣ “ಇದನ್ನು ತೊಳೆಸಿಲ್ಲ” ಎಂದು ಹೇಳಿ ಬೆಲೆಯನ್ನು ತಗ್ಗಿಸಿರಿ. ಕೆಲವು ರೂಪಾಯಿ ನಷ್ಟವಾದೀತು. ಆದರೆ ಕೊಂಡವನನ್ನು ಸಂತೆಯಲ್ಲಿ ಕಂಡಾಗ ನೀವು ತಲೆ ತಗ್ಗಿಸಬೇಕಾಗದು.